ನೋಯುವುದು ಕಾಲೋ, ಮನಸ್ಸೋ?

ಪ್ರಶ್ನೆ: ನಾನು ಪುಣೆಯಲ್ಲಿ ಹುಟ್ಟಿ ಬೆಳೆದವಳು, ವೃತ್ತಿಯಿಂದ ಫಿಜಿಯೊಥೆರಪಿಸ್ಟ್. ತಂದೆ ತಾಯಿ ವಿಜಯಪುರದ ಕಡೆಯವರು. ಮನೆಯಲ್ಲಿ ಕನ್ನಡ ಮಾತಾಡುತ್ತೇವೆ, ಆದರೆ ನಾನು ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಓದುಬರಹವನ್ನು ದೊಡ್ಡವಳಾದ ಮೇಲೆ ನಾನೇ ಕಲಿತೆ. ಮಗನ ಮನೆಗೋ ಮಗಳ ಮನೆಗೋ ಊರಿನಿಂದ ಬಂದಿರುವ ಕನ್ನಡದ ಹಿರಿಯರು ನಮ್ಮ ಕ್ಲಿನಿಕ್ಕಿಗೆ ಬಂದರೆ ಅವರನ್ನು ನನ್ನ ಬಳಿಗೇ ಕಳಿಸುತ್ತಾರೆ. ಕಳೆದ ತಿಂಗಳು ಮೊಣಕಾಲಿನ ತೊಂದರೆಗೆ ಬಂದ ಅಜ್ಜಿಯೊಬ್ಬರನ್ನು ಮರ್ಯಾದೆಯ ಕನ್ನಡದಲ್ಲಿ ಕೇಳೋಣವೆಂದು ‘ಅಜ್ಜಿ, ನೀವು ತುಂಬಾ ನೊಂದಿದ್ದೀರಾ?’ ಎಂದೆ. ಅವರು ನನ್ನ ಮುಖವನ್ನೇ ನೋಡಿ, ಕೈ ಹಿಡಿದುಕೊಂಡು ಅಳತೊಡಗಿದರು. ಊರಿನ ಮನೆ ಮಾರಿದ್ದು, ಮಗ ಮಾತಾಡಿಸದಿರುವುದು, ಎಲ್ಲವೂ ಬಂತು. ಮೊಣಕಾಲಿನ ಮಾತು ಮಾತ್ರ ಬರಲಿಲ್ಲ. ಇನ್ನೊಬ್ಬರು ‘ಎದ್ಯಾಗ ಸಂಕಟ ಆಗ್ತದ’ ಎಂದಾಗ ಅದನ್ನು ಡಾಕ್ಟರಿಗೆ ಮರಾಠಿಯಲ್ಲಿ ಹೇಗೆ ಹೇಳಬೇಕೆಂದು ತೋಚಲಿಲ್ಲ. ಮನೆಯಲ್ಲಿ ಮಾಡುವ ವ್ಯಾಯಾಮದ ಚೀಟಿಯಲ್ಲಿ ಮರಾಠಿಯ ‘ದುಖಲ್ಯಾಸ ಥಾಂಬಾ’ ಎಂಬ ಸೂಚನೆಯನ್ನು ‘ನೊಂದರೆ ನಿಲ್ಲಿಸಿ’ ಎಂದು ಅನುವಾದಿಸಿದ್ದೇನೆ. ಅದೂ ತಪ್ಪಿರಬಹುದೆಂಬ ಭಯ ಈಗ. ‘ನೋಯು’ ಹಳ್ಳಿಯ ಮಾತು, ಆಸ್ಪತ್ರೆಯಲ್ಲಿ ‘ವೇದನೆ’ ಎನ್ನಬೇಕು ಎಂದು ಬೆಂಗಳೂರಿನಿಂದ ಬಂದ ಸಹೋದ್ಯೋಗಿ ಹೇಳುತ್ತಾರೆ. ‘ನೋಯು’ ಮತ್ತು ‘ನೊಂದು’ ಬೇರೆ ಬೇರೆ ಕ್ರಿಯಾಪದಗಳೇ? ಯಾವುದನ್ನು ಎಲ್ಲಿ ಬಳಸಬೇಕು?

ಉತ್ತರ: ಒಂದು ಕ್ರಿಯಾಪದವನ್ನು ತಪ್ಪು ಜಾಗದಲ್ಲಿಟ್ಟು ಹಿರಿಯರೊಬ್ಬರನ್ನು ಅಳಿಸಿಬಿಟ್ಟೆನಲ್ಲ ಎಂಬ ಅಳುಕು ನಿಮ್ಮ ಪತ್ರದ ಉದ್ದಕ್ಕೂ ಕಾಣುತ್ತದೆ. ಮುಂಬೈಯಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಕನ್ನಡ ಕಲಿಸಿದವನಾಗಿ, ಈಚಿನ ವರ್ಷಗಳಲ್ಲಿ ಆಸ್ಪತ್ರೆಗಳ ಒಪ್ಪಿಗೆ ಪತ್ರ, ಸೂಚನಾ ಪತ್ರಗಳನ್ನು ಕನ್ನಡಕ್ಕೆ ತರುವ ಕೆಲಸವನ್ನೂ ಮಾಡಿದವನಾಗಿ ಮೊದಲಿಗೇ ಹೇಳುತ್ತೇನೆ: ನಿಮ್ಮ ವಾಕ್ಯದಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ. ತಪ್ಪಿದ್ದು ರೂಢಿ. ರೂಢಿಯ ಈ ತಪ್ಪು ಮರಾಠಿ ನೆಲದಲ್ಲಿ ಬೆಳೆದ ನಮ್ಮ ಮಕ್ಕಳಲ್ಲಿ ಎಷ್ಟು ಸಾಮಾನ್ಯವೆಂದರೆ, ಅದರ ಬೇರು ಎಲ್ಲಿದೆಯೆಂದು ನನಗೆ ಚೆನ್ನಾಗಿ ಗೊತ್ತು.

ನಿಮ್ಮ ಮುಖ್ಯ ಸಂದೇಹಕ್ಕೆ ಉತ್ತರ ಸರಳ. ‘ನೋಯು’ ಮತ್ತು ‘ನೊಂದು’ ಒಂದೇ ಕ್ರಿಯಾಪದ. ‘ಬೇಯು’ ಎಂಬುದು ಭೂತಕಾಲದಲ್ಲಿ ‘ಬೆಂದ’ ಆಗುವಂತೆ, ‘ಮೀಯು’ ಎಂಬುದು ‘ಮಿಂದ’ ಆಗುವಂತೆ, ‘ನೋಯು’ ಎಂಬುದು ‘ನೊಂದ’ ಆಗುತ್ತದೆ. ದೀರ್ಘ ಸ್ವರ ಹ್ರಸ್ವವಾಗಿ ನಡುವೆ ಸೊನ್ನೆ ಬರುತ್ತದೆ, ಅಷ್ಟೇ. ಮಾತಿನಲ್ಲಿ ‘ನೊಂದು ಬೆಂದ ಜೀವ’ ಎಂದು ಎರಡನ್ನೂ ಜೋಡಿಸುವುದು ಸುಮ್ಮನೆ ಅಲ್ಲ. ಅವು ರೂಪದಲ್ಲಿಯೂ ಅಕ್ಕತಂಗಿಯರು. ದೇಹಕ್ಕೊಂದು ಪದ, ಮನಸ್ಸಿಗೊಂದು ಪದ ಎಂಬ ವಿಂಗಡಣೆಯನ್ನು ಕನ್ನಡ ಈ ಧಾತುವಿನಲ್ಲಿ ಮಾಡಲೇ ಇಲ್ಲ. 12ನೆಯ ಶತಮಾನದ ಅಕ್ಕಮಹಾದೇವಿಯ ವಚನವೊಂದು ‘ಬಂಜೆ ಬೇನೆಯನರಿವಳೆ’ ಎಂದು ಹೆರಿಗೆಯ ನೋವಿನಿಂದ, ಅಂದರೆ ಅಪ್ಪಟ ದೇಹದ ನೋವಿನಿಂದ ಆರಂಭವಾಗಿ, ‘ನೊಂದವರ ನೋವ ನೋಯದವರೆತ್ತ ಬಲ್ಲರು’ ಎಂಬಲ್ಲಿಗೆ ಬರುತ್ತದೆ. ಒಂದೇ ಸಾಲಿನಲ್ಲಿ ಒಂದೇ ಧಾತುವಿನ ಮೂರು ರೂಪಗಳಿವೆ, ಮತ್ತು ಅಲ್ಲಿ ನೋಯುತ್ತಿರುವುದು ಮೈಯೋ ಮನಸ್ಸೋ ಎಂದು ಬಿಡಿಸಿ ಹೇಳುವ ಅಗತ್ಯ ಅಕ್ಕನಿಗೆ ಕಾಣಲಿಲ್ಲ. ನೆರೆಯ ದ್ರಾವಿಡ ಭಾಷೆಗಳಲ್ಲಿಯೂ ಇದೇ ಕಥೆ. ತಮಿಳಿನ ‘ನೋಯ್’ ಎಂದರೆ ರೋಗ. ಪ್ರೇಮದ ವಿರಹವನ್ನೂ ಹಳೆಯ ತಮಿಳು ಅದೇ ಪದದಿಂದ ಕರೆಯಿತು.

ಹಾಗಾದರೆ ಅಜ್ಜಿ ಅತ್ತದ್ದು ಏಕೆ? ಪದ ಒಂದೇ ಆದರೂ ಅದು ಯಾರ ಪಕ್ಕದಲ್ಲಿ ಕೂತಿದೆ ಎಂಬುದನ್ನು ಕನ್ನಡದ ಕಿವಿ ಬಹಳ ಸೂಕ್ಷ್ಮವಾಗಿ ಗಮನಿಸುತ್ತದೆ. ‘ಮೊಣಕಾಲು ನೋಯುತ್ತದೆ’, ‘ಹಲ್ಲು ನೋಯುತ್ತಿದೆ’, ‘ನನಗೆ ತಲೆ ನೋಯುತ್ತಿತ್ತು’ ಎಂಬ ವಾಕ್ಯಗಳಲ್ಲಿ ನೋಯುವ ಕೆಲಸ ಮಾಡುತ್ತಿರುವುದು ಅಂಗ. ಮನುಷ್ಯ ಆ ವಾಕ್ಯದಲ್ಲಿ ಇದ್ದರೂ ‘ನನಗೆ’ ಎಂದು ಚತುರ್ಥಿ ವಿಭಕ್ತಿಯಲ್ಲಿ, ಸ್ವಲ್ಪ ದೂರದಲ್ಲಿ, ಅನುಭವಿಸುವವನಾಗಿ ನಿಂತಿರುತ್ತಾನೆ. ಅಂಗವನ್ನು ತೆಗೆದು ಮನುಷ್ಯನನ್ನೇ ಕರ್ತೃವಿನ ಜಾಗದಲ್ಲಿ ಕೂರಿಸಿದಿರೋ, ‘ನಾನು ನೊಂದೆ’, ‘ಅವಳು ನೊಂದಿದ್ದಾಳೆ’, ‘ನೀವು ನೊಂದಿದ್ದೀರಾ’ ಎಂದಿರೋ, ಕೇಳುವವರಿಗೆ ಅದು ಮನಸ್ಸಿನ ಮಾತು. ಕಾಲು ಮುರಿದು ಮಲಗಿದವನೂ ‘ನಾನು ನೊಂದಿದ್ದೇನೆ’ ಎಂದರೆ, ಯಾರೋ ಅವನನ್ನು ನೋಡಲು ಬರಲಿಲ್ಲವೆಂದೇ ನಾವು ಅರ್ಥ ಮಾಡಿಕೊಳ್ಳುತ್ತೇವೆ. ಅಜ್ಜಿಗೆ ನೀವು ಕೇಳಿದ್ದು, ‘ನಿಮ್ಮ ಬದುಕಿನಲ್ಲಿ ಬಹಳ ಕಷ್ಟ ಕಂಡಿರಾ?’ ಎಂಬ ಪ್ರಶ್ನೆ. ಅದಕ್ಕೆ ಅವರು ಪ್ರಾಮಾಣಿಕವಾಗಿ ಉತ್ತರಿಸಿದರು.

ಕಾಲದ ವಿಚಾರವನ್ನೂ ಇಲ್ಲಿಯೇ ಹೇಳಬೇಕು. ವ್ಯಾಕರಣ ಪುಸ್ತಕಗಳಲ್ಲಿ ನಾನು ಕಾಣದ, ಆದರೆ ತರಗತಿಯಲ್ಲಿ ಮತ್ತೆ ಮತ್ತೆ ಕಂಡ ಸಂಗತಿಯಿದು. ದೇಹದ ನೋವು ಕನ್ನಡದಲ್ಲಿ ಸಾಮಾನ್ಯವಾಗಿ ನಡೆಯುತ್ತಲೇ ಇರುವ ಕ್ರಿಯೆ. ‘ನಿನ್ನೆ ತಲೆ ನೋಯುತ್ತಿತ್ತು’ ಎನ್ನುತ್ತೇವೆ, ‘ತಲೆನೋವಿತ್ತು’ ಎನ್ನುತ್ತೇವೆ; ‘ನಿನ್ನೆ ತಲೆ ನೊಂದಿತು’ ಎಂದು ಯಾರೂ ಹೇಳುವುದಿಲ್ಲ. ಮನಸ್ಸಿನ ನೋವಾದರೋ ಆಗಿ ಮುಗಿದ, ಆದರೆ ಗುರುತು ಬಿಟ್ಟುಹೋದ ಘಟನೆ. ಆದ್ದರಿಂದ ಅದು ‘ನೊಂದ’, ‘ನೊಂದಿದ್ದಾರೆ’ ಎಂಬ ರೂಪಗಳಲ್ಲಿ ನೆಲೆಸಿದೆ. ‘ನಾನು ನೋಯುತ್ತಿದ್ದೇನೆ’ ಎಂದು ಬರೆದರೆ ಅದು ಅನುವಾದದ ಕನ್ನಡವೆಂದು ಕೂಡಲೇ ಗೊತ್ತಾಗುತ್ತದೆ. ಅಪವಾದಗಳು ಇಲ್ಲವೆಂದಲ್ಲ. ‘ನಡೆದು ನಡೆದು ಕಾಲು ನೊಂದವು’ ಎಂಬ ವಾಕ್ಯ ಅಂದವಾದದ್ದು ಮತ್ತು ಸರಿಯಾದದ್ದು. ಅಲ್ಲಿ ನೋವಿಗೆ ಕಾರಣವಾದ ನಡಿಗೆ ಮುಗಿದಿದೆ ಮತ್ತು, ಗಮನಿಸಿ, ಕರ್ತೃ ಕಾಲೇ. ಆದ್ದರಿಂದ ಎರಡರಲ್ಲಿ ಯಾವುದು ಗಟ್ಟಿಯಾದ ನಿಯಮ ಎಂದು ಕೇಳಿದರೆ ಕಾಲಕ್ಕಿಂತ ಕರ್ತೃವನ್ನೇ ನಂಬಿ ಎಂದು ಹೇಳುತ್ತೇನೆ.

ಈ ಎಡವಟ್ಟು ನಿಮ್ಮೊಬ್ಬರದೇ ಅಲ್ಲವೆಂದು ತೋರಿಸಲು ಒಂದು ಹಳೆಯ ಪ್ರಸಂಗ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಫೋರ್ಟ್ ಕಡೆಯ ರಾತ್ರಿಶಾಲೆಯೊಂದರಲ್ಲಿ ಕಲಿಸುತ್ತಿದ್ದೆ. ಹಗಲು ಉಡುಪಿ ಹೋಟೆಲುಗಳಲ್ಲಿ ದುಡಿದು ರಾತ್ರಿ ಪುಸ್ತಕ ಹಿಡಿಯುತ್ತಿದ್ದ ಹುಡುಗರೇ ಹೆಚ್ಚು, ಬಹುಪಾಲು ತುಳು ಮನೆಮಾತಿನವರು. ಅವರಲ್ಲೊಬ್ಬನ ಮುಂಗೈಗೆ ಕುದಿಯುವ ಸಾಂಬಾರು ಚೆಲ್ಲಿ ಬೊಬ್ಬೆ ಎದ್ದಿತ್ತು. ತರಗತಿಯಲ್ಲಿ ರಜಾ ಅರ್ಜಿ ಬರೆಯುವುದನ್ನು ಆಗಷ್ಟೇ ಕಲಿತಿದ್ದ ಅವನು ಎಡಗೈಯಲ್ಲಿ, ವಕ್ರ ಅಕ್ಷರಗಳಲ್ಲಿ, ‘ನಾನು ಬಹಳ ನೊಂದಿರುವುದರಿಂದ ಎರಡು ದಿನ ರಜೆ ಕೊಡಬೇಕಾಗಿ ವಿನಂತಿ’ ಎಂದು ಬರೆದು ಗಲ್ಲಾಪೆಟ್ಟಿಗೆಯ ಮೇಲಿಟ್ಟು ಹೋದ. ಹೋಟೆಲಿನ ಧಣಿ ಅದನ್ನು ಓದಿ, ಹುಡುಗನಿಗೆ ಯಾರೋ ಅವಮಾನ ಮಾಡಿದ್ದಾರೆಂದು ತಿಳಿದು, ಮ್ಯಾನೇಜರನನ್ನೂ ಅಡುಗೆಭಟ್ಟನನ್ನೂ ನಿಲ್ಲಿಸಿಕೊಂಡು ವಿಚಾರಣೆ ಮಾಡಿದರಂತೆ. ತುಳುವಿನಲ್ಲಾಗಿದ್ದರೆ ಅವನು ‘ಕೈ ಬೇನೆ ಆಪುಂಡು’ ಎನ್ನುತ್ತಿದ್ದ, ಯಾರಿಗೂ ಗೊಂದಲವಾಗುತ್ತಿರಲಿಲ್ಲ. ಪುಸ್ತಕದ ಕನ್ನಡ ಬರೆಯಲು ಹೋಗಿ ಕೈಯನ್ನು ಬಿಟ್ಟು ‘ನಾನು’ ಎಂದದ್ದೇ ಯಡವಟ್ಟಾಯಿತು. ಆ ಚೀಟಿಯನ್ನು ಧಣಿಯವರೇ ನನಗೆ ತಂದು ತೋರಿಸಿದ್ದರು.

ನಿಮ್ಮ ವಿಷಯದಲ್ಲಿ ಎಳೆದದ್ದು ಮರಾಠಿ. ಮರಾಠಿಯಲ್ಲಿ ದೇಹಕ್ಕೆ ‘ದುಖಣೆ’ ಇದೆ, ‘ಪಾಯ ದುಖತೋಯ’ ಎನ್ನುತ್ತಾರೆ; ಮನಸ್ಸಿಗೆ ಅದರಿಂದಲೇ ಹುಟ್ಟಿದ ‘ದುಖಾವಣೆ’ ಎಂಬ ಬೇರೆ ರೂಪವಿದೆ, ‘ಮನ ದುಖಾವಲಂ’ ಎನ್ನುತ್ತಾರೆ. ದೈಹಿಕ ಗಾಯಕ್ಕೆ ‘ದುಖಾಪತ’ ಎಂಬ ಪದವೂ ಇದೆ, ಕಾಯಿಲೆಗೆ ‘ದುಖಣಂ’ ಎಂದೂ ಹೇಳುವುದುಂಟು. ಹೀಗೆ ರೂಪದಲ್ಲೇ ವ್ಯತ್ಯಾಸ ಕಂಡು ಬೆಳೆದ ಮನಸ್ಸು ಕನ್ನಡದಲ್ಲಿಯೂ ‘ನೋಯು’, ‘ನೊಂದು’ ಎಂಬ ಎರಡು ರೂಪಗಳನ್ನು ಕಂಡಾಗ ಅವೂ ಎರಡು ಕ್ರಿಯಾಪದಗಳಿರಬಹುದೆಂದು ಅನುಮಾನಿಸುವುದು ಸಹಜ. ಇನ್ನು ‘ದುಃಖ’ ಎಂಬ ಸಂಸ್ಕೃತ ಪದ ಕನ್ನಡದಲ್ಲಿ ಮನಸ್ಸಿನಿಂದ ಕೆಳಗಿಳಿಯಲೇ ಇಲ್ಲ. ನಮ್ಮಲ್ಲಿ ಹೊಟ್ಟೆಗೆ ದುಃಖವಾಗುವುದಿಲ್ಲ. ಪುಣೆ, ಮುಂಬೈಯ ಕನ್ನಡ ಮಕ್ಕಳು ‘ಅಮ್ಮಾ, ಹೊಟ್ಟಿ ದುಃಖ ಆಗೇದ’ ಎನ್ನುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ, ಕೇಳಿ ನಕ್ಕೂ ಇದ್ದೇನೆ. ಗೋವೆಯ ನಮ್ಮವರಿಗೆ ಇದೇ ಎಳೆತ ಕೊಂಕಣಿಯಿಂದ. ಅಲ್ಲಿ ತಲೆ ‘ದುಖ್ತಾ’, ಆದರೆ ‘ದುಕಾಂ’ ಎಂದರೆ ಕಣ್ಣೀರು.

ನಿಮ್ಮ ಸಹೋದ್ಯೋಗಿಯ ಮಾತಿಗೆ ಬರುತ್ತೇನೆ. ‘ನೋಯು’ ಹಳ್ಳಿಯ ಮಾತು, ‘ವೇದನೆ’ ಆಸ್ಪತ್ರೆಯ ಮಾತು ಎಂಬುದು ಸುಳ್ಳು ಪ್ರತಿಷ್ಠೆ. ನೋವು ಇಳಿಸುವ ಔಷಧಕ್ಕೆ ‘ನೋವು ನಿವಾರಕ’ ಎಂದೇ ಹೇಳುತ್ತೇವೆ. ಪತ್ರಿಕೆಗಳು ‘ಎದೆನೋವು ಕಾಣಿಸಿಕೊಂಡಿತು’ ಎಂದೇ ಬರೆಯುತ್ತವೆ. ಇದರಲ್ಲೊಂದು ತಮಾಷೆಯೂ ಇದೆ. ನಿಮ್ಮ ವಿಜಯಪುರದ ಅಜ್ಜಿ ‘ಬ್ಯಾನಿ’ ಎಂದರೆ ಅದನ್ನು ಒರಟು ಮಾತೆಂದು ನಿಮ್ಮ ಸಹೋದ್ಯೋಗಿ ಮೂಗು ಮುರಿಯಬಹುದು. ಆದರೆ ಬ್ಯಾನಿ ಎಂದರೆ ಬೇನೆ, ಬೇನೆ ಎಂದರೆ ‘ವೇದನೆ’ ಎಂಬುದರದೇ ತದ್ಭವ. ಅಜ್ಜಿ ಆಡುತ್ತಿರುವುದು ಆ ಸಹೋದ್ಯೋಗಿಯ ಪದವನ್ನೇ, ಶತಮಾನಗಳ ಬಳಕೆಯಿಂದ ನುಣುಪಾದ ರೂಪದಲ್ಲಿ. ‘ವೇದನೆ’ ತಪ್ಪೇನಲ್ಲ, ಲಿಖಿತ ವರದಿಯಲ್ಲಿ ಅದಕ್ಕೆ ಜಾಗವಿದೆ. ಆದರೆ ‘ನಿಮಗೆ ವೇದನೆಯಾಗುತ್ತಿದೆಯೇ’ ಎಂದು ಎದುರಿಗೆ ಕೂತ ಹಿರಿಯರನ್ನು ಕೇಳಿದರೆ, ಅರ್ಥವಾಗದಿದ್ದರೂ ಕೇಳಿದವರ ಮರ್ಯಾದೆಗೆಂದು ಅವರು ‘ಹೂಂ ರೀ’ ಎಂದುಬಿಡುತ್ತಾರೆ. ಆಸ್ಪತ್ರೆಯಲ್ಲಿ ಅಂಥ ‘ಹೂಂ’ಗಿಂತ ಅಪಾಯಕಾರಿ ಉತ್ತರ ಇನ್ನೊಂದಿಲ್ಲ.

ಹಾಗಾದರೆ ಏನೆಂದು ಕೇಳಬೇಕು? ಅಂಗದ ಹೆಸರು ಹೇಳಿ ಕೇಳುವುದು ಎಲ್ಲಕ್ಕಿಂತ ಸುರಕ್ಷಿತ: ‘ಮೊಣಕಾಲು ನೋಯುತ್ತದೆಯೇ?’, ಅವರ ಕನ್ನಡದಲ್ಲಿ ‘ಮೊಣಕಾಲ ನೋಯ್ತಾವೇನ್ರೀ?’ ಮೈಸೂರು ಕಡೆಯವರಾದರೆ ‘ಮಂಡಿ’ ಎನ್ನಿ, ನಿಮ್ಮ ಕಡೆಯವರ ಬೆನ್ನಿನ ಕೆಳಭಾಗಕ್ಕೆ ‘ಟೊಂಕ’ ಎನ್ನಿ. ಇದರ ಕೊರತೆಯೆಂದರೆ ನೀವು ಕೇಳಿದ ಅಂಗದ ಬಗ್ಗೆ ಮಾತ್ರ ಉತ್ತರ ಸಿಗುತ್ತದೆ, ಪಕ್ಕದ ಅಂಗ ಬಾಯಿ ಬಿಡುವುದಿಲ್ಲ. ‘ನಿಮಗೆ ನೋವಿದೆಯೇ?’ ಎಂಬುದು ತೆರೆದ ಬಾಗಿಲು. ಮೊಣಕಾಲೂ ಬರಬಹುದು, ಮಗನೂ ಬರಬಹುದು. ಸಮಯವಿದ್ದಾಗ ಇದು ಒಳ್ಳೆಯ ಪ್ರಶ್ನೆ, ಹೊರಗೆ ಹತ್ತು ಜನ ಕಾಯುತ್ತಿರುವಾಗ ಅಲ್ಲ. ‘ಬ್ಯಾನಿ’ ಎಂದು ಅವರ ಪದವನ್ನೇ ಹಿಡಿಯುವುದು ಆತ್ಮೀಯವಾಗಿ ಕೇಳುತ್ತದೆ, ಆದರೆ ಉತ್ತರ ಕರ್ನಾಟಕದ ಗರ್ಭಿಣಿಯೊಬ್ಬಳ ಬಾಯಲ್ಲಿ ‘ಬ್ಯಾನಿ ಬಂದಾವ’ ಎಂದರೆ ಹೆರಿಗೆ ನೋವು. ಮೈಸೂರಿನವರ ಕಿವಿಗೆ ‘ಬೇನೆ’ ಎಂದರೆ ಯಾವುದೋ ಹಳೆಯ ಕಾಯಿಲೆ. ಇನ್ನು, ಪುಣೆಯಲ್ಲಿ ವರ್ಷಗಟ್ಟಲೆ ಇದ್ದವರಿಗೆ ‘ದುಖತಂಯ ಕಾ’ ಎಂದರೂ ತಿಳಿಯುತ್ತದೆ. ಮಡಿವಂತಿಕೆ ಬೇಡ, ತಿಳಿಯುವ ಮಾತೇ ಆಸ್ಪತ್ರೆಗೆ ಶುದ್ಧ ಮಾತು.

ನೋವಿನ ಜೊತೆ ಸೇರುವ ಸಹಾಯಕ ಪದಗಳೂ ಅರ್ಥವನ್ನು ಅತ್ತಿತ್ತ ತಿರುಗಿಸುತ್ತವೆ. ನೋವು ‘ಕಾಣಿಸಿಕೊಂಡರೆ’, ‘ಶುರುವಾದರೆ’, ‘ಇಳಿದರೆ’ ಅದು ದೇಹದ್ದು. ಅದನ್ನು ‘ತೋಡಿಕೊಂಡರೆ’, ‘ನುಂಗಿಕೊಂಡರೆ’, ‘ಉಂಡರೆ’, ‘ಹಂಚಿಕೊಂಡರೆ’ ಮನಸ್ಸಿನದು. ‘ನೋವಾಯಿತು’ ಎಂಬುದು ಎರಡೂ ಕಡೆ ಸಲ್ಲುವ ನಾಣ್ಯ: ‘ಸೂಜಿ ಚುಚ್ಚಿದಾಗ ನೋವಾಯಿತು’, ‘ನಿಮ್ಮ ಮಾತು ಕೇಳಿ ನೋವಾಯಿತು’. ‘ನೋಯಿಸು’ ಎಂಬ ಪ್ರೇರಣಾರ್ಥಕವನ್ನು ನೀವು ದಿನವೂ ಬಳಸಬೇಕಾಗುತ್ತದೆಂದು ಊಹಿಸುತ್ತೇನೆ. ‘ನೋಯಿಸದೆ ಕಟ್ಟು ಬಿಚ್ಚಿದಳು’ ಎಂದರೆ ಅದು ಕೈಚಳಕದ ಹೊಗಳಿಕೆ, ಅಲ್ಲಿ ಕೆಲಸ ಕಣ್ಣಮುಂದೆಯೇ ಇದೆ. ಆದರೆ ವ್ಯಕ್ತಿಯನ್ನೇ ಕರ್ಮವಾಗಿಸಿ ‘ನಾನು ನಿಮ್ಮನ್ನು ನೋಯಿಸುವುದಿಲ್ಲ’ ಎಂದು ರೋಗಿಗೆ ಭರವಸೆ ಕೊಟ್ಟರೆ, ಅದು ಮದುವೆಗೆ ಮುಂಚೆ ಹುಡುಗ ಹುಡುಗಿಗೆ ಕೊಡುವ ವಚನದಂತೆ ಕೇಳುತ್ತದೆ. ‘ನೋವಾಗದ ಹಾಗೆ ಮಾಡುತ್ತೇನೆ’ ಎನ್ನಿ.

‘ನೊಂದ’ ಎಂಬ ಕೃದಂತಕ್ಕೆ ಮೂರನೆಯ ಮನೆಯೂ ಇದೆ, ಅದು ನ್ಯಾಯಾಲಯ. ಕಾನೂನಿನ ಕನ್ನಡದಲ್ಲಿ ‘ನೊಂದ ಮಹಿಳೆ’, ‘ನೊಂದ ವ್ಯಕ್ತಿ’ ಎಂದರೆ ಅನ್ಯಾಯಕ್ಕೆ ಒಳಗಾಗಿ ದೂರು ಕೊಡುವವರು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ದೈಹಿಕ, ಲೈಂಗಿಕ, ಮಾತಿನ ಮತ್ತು ಭಾವನಾತ್ಮಕ, ಆರ್ಥಿಕ ಹಿಂಸೆಗಳೆಲ್ಲವನ್ನೂ ಒಂದೇ ವ್ಯಾಖ್ಯೆಯೊಳಗೆ ತಂದಿದೆ. ಆದ್ದರಿಂದ ಅಲ್ಲಿ ಈ ಪದ ಮತ್ತೆ ಮೈ, ಮನಸ್ಸು ಎರಡನ್ನೂ ಒಳಗೊಳ್ಳುತ್ತದೆ. ಇದನ್ನು ಹೇಳುತ್ತಿರುವುದು ಒಂದು ಕಾರಣಕ್ಕೆ: ಆಸ್ಪತ್ರೆಯಲ್ಲಿ ರೋಗಿಯ ಕೇಸ್ ಪೇಪರಿನಲ್ಲಿ ‘ನೊಂದ ಮಹಿಳೆ’ ಎಂದು ಕನ್ನಡದಲ್ಲಿ ಬರೆದರೆ, ಓದುವವರು ಪೊಲೀಸರ ಕಡೆಗೆ ನೋಡುತ್ತಾರೆ. ಅಂದಹಾಗೆ, ಹೆಸರು ಬರೆಸುವ ಕಿಟಕಿಯ ಮೇಲೆ ‘ನೋಂದಣಿ’ ಎಂದು ಬರೆಯುವ ಬದಲು ‘ನೊಂದಣಿ’ ಎಂದು ಬರೆದಿರುವ ಫಲಕಗಳನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಆ ಎರಡು ಪದಗಳಿಗೆ ಸಂಬಂಧವಿಲ್ಲ. ಸರದಿಯಲ್ಲಿ ಎರಡು ಗಂಟೆ ನಿಂತವರಿಗೆ ಮಾತ್ರ ಸಂಬಂಧವಿದೆಯೆಂದು ಅನಿಸಬಹುದು.

ಈಗ ‘ಸಂಕಟ’. ಇದರಲ್ಲಿ ನನ್ನ ಸಲಹೆ ಕೊಂಚ ಕಠಿಣವಾಗಿಯೇ ಇರುತ್ತದೆ. ಮರಾಠಿಯಲ್ಲಿ ‘ಸಂಕಟ’ ಎಂದರೆ ವಿಪತ್ತು, ಆಪತ್ತು. ಕನ್ನಡದಲ್ಲಿ ಅದು ವಾಂತಿಗೆ ಮುಂಚಿನ ತಳಮಳ, ಹೊಟ್ಟೆ ತೊಳಸುವುದು, ಎದೆ ಹಿಂಡಿದಂತಾಗುವುದು, ಮನೆಯವರ ಚಿಂತೆಯಲ್ಲಿ ಒದ್ದಾಡುವುದು, ಇವೆಲ್ಲವೂ ಹೌದು. ಇಲ್ಲಿಯೂ ಒಂದು ಸಣ್ಣ ಕೈಮರವಿದೆ: ‘ಸಂಕಟಪಡುತ್ತಾರೆ’ ಎಂದರೆ ಸಾಮಾನ್ಯವಾಗಿ ಮನಸ್ಸು, ಏಕೆಂದರೆ ‘ಪಡು’ ಎಂಬ ಕ್ರಿಯಾಪದ ಮನುಷ್ಯನನ್ನು ಕರ್ತೃವಾಗಿಸುತ್ತದೆ; ‘ಸಂಕಟವಾಗುತ್ತದೆ’ ಎಂದರೆ ದೇಹವೂ ಇರಬಹುದು. ಆದರೆ ‘ಎದ್ಯಾಗ ಸಂಕಟ ಆಗ್ತದ’ ಎಂಬ ಮಾತನ್ನು ಭಾಷೆಯ ಬಲದಿಂದ ಬಿಡಿಸಲು ಹೋಗಬೇಡಿ. ಹೃದಯಾಘಾತ ಪ್ರತಿ ಬಾರಿಯೂ ತೀವ್ರ ಎದೆನೋವಾಗಿ ಬರುವುದಿಲ್ಲವೆಂದು, ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಅದು ಬರಿಯ ತಳಮಳ, ಬೆವರು, ಉಸಿರಾಟದ ತೊಂದರೆ, ವಾಕರಿಕೆಯಾಗಿಯೂ ಬರಬಹುದೆಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಇಂಥ ಮಾತು ಕಿವಿಗೆ ಬಿದ್ದ ಕೂಡಲೇ ಅದನ್ನು ದೇಹದ ದೂರೆಂದೇ ತಿಳಿದು ಡಾಕ್ಟರಿಗೆ ‘ಛಾತೀತ ತ್ರಾಸ ಹೋತೋಯ’ (ಎದೆಯಲ್ಲಿ ತೊಂದರೆಯಾಗುತ್ತಿದೆ) ಎಂದು ಹೇಳಿ. ರೋಗಿ ಬಳಸಿದ ಮೂಲ ಪದವನ್ನೂ ಕೇಸ್ ಪೇಪರಿನಲ್ಲಿ ಹಾಗೆಯೇ ಬರೆದಿಡಿ. ಮನೆಯ ಚಿಂತೆಯೆಂದು ತಪ್ಪಾಗಿ ತಿಳಿದು ಮನೆಗೆ ಕಳಿಸುವ ಅಪಾಯಕ್ಕೂ, ಕಾಯಿಲೆಯೆಂದು ತಪ್ಪಾಗಿ ತಿಳಿದು ಒಂದು ಇಸಿಜಿ ಮಾಡಿಸುವ ಖರ್ಚಿಗೂ ಹೋಲಿಕೆಯೇ ಇಲ್ಲ.

ಹೊಟ್ಟೆ, ಎದೆಗಳ ಬಗ್ಗೆ ಮಾತ್ರ ಈ ಎಚ್ಚರ ಹೆಚ್ಚು ಬೇಕು, ಏಕೆಂದರೆ ಕನ್ನಡ ಭಾವನೆಗಳನ್ನು ಅಲ್ಲಿಯೇ ಇಟ್ಟುಕೊಂಡಿದೆ. ‘ಎದೆಯುರಿ’ ಎಂದರೆ ಬಹುತೇಕ ಆಮ್ಲದ ತೊಂದರೆ; ‘ಹೊಟ್ಟೆಯುರಿ’ ಎಂದರೆ ಮತ್ಸರವೂ ಆಗಬಹುದು, ಮಕ್ಕಳು ಹಾಳಾದರೆಂಬ ಸಂತಾಪವೂ ಆಗಬಹುದು, ಖಾರ ಹೆಚ್ಚಾದದ್ದೂ ಆಗಬಹುದು. ‘ಕರುಳು ಹಿಂಡಿದಂತಾಯಿತು’ ಎಂಬುದು ಹೆಚ್ಚಾಗಿ ಮರುಕ, ‘ಹೊಟ್ಟಿ ಕಡೀತದ’ ಎಂಬುದು ನುಲಿಯುವ ನೋವು ಮಾತ್ರ. ‘ಉಳುಕು’, ‘ಬಾವು’, ‘ಜೋಮು’ ಇಂಥವು ನಿಮ್ಮ ಮಿತ್ರರು. ಅವು ಎಂದೂ ಮನಸ್ಸಿಗೆ ಹತ್ತುವುದಿಲ್ಲ. ಮನಸ್ಸು ಉಳುಕಿತೆಂದು ಈತನಕ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ನೋವಿನ ಪ್ರಮಾಣವನ್ನು ಸೊನ್ನೆಯಿಂದ ಹತ್ತರವರೆಗೆ ಹೇಳಿಸುವ ಪದ್ಧತಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಆಸ್ಪತ್ರೆಯೊಂದರ ಸೂಚನಾ ಪತ್ರವನ್ನು ಅನುವಾದಿಸುವಾಗ ಹಿರಿಯರೊಬ್ಬರ ಮೇಲೆ ಅದನ್ನು ಓದಿ ನೋಡಿದ್ದೆವು. ‘ಹತ್ತರಾಗ ಎಷ್ಟ ನೋವು?’ ಎಂದರೆ ಆ ಅಜ್ಜ ಪರೀಕ್ಷೆಯಲ್ಲಿ ಪಾಸಾದವರಂತೆ ಎದೆಯುಬ್ಬಿಸಿ ‘ಹತ್ತಕ್ಕ ಹತ್ತು’ ಎಂದರು. ಅವರ ಸೊಸೆ ಮಧ್ಯೆ ಬಂದು, ‘ಮಾಮಾ, ರೂಪಾಯಿಗೆ ಎಷ್ಟಾಣೆ ಕಡಿಮಿ ಆಗೇದ?’ ಎಂದಳು. ಅಜ್ಜ ಯೋಚಿಸಿ, ಮೊಣಕಾಲನ್ನೊಮ್ಮೆ ಮಡಚಿ ಬಿಚ್ಚಿ, ‘ಎಂಟಾಣೆ ಹೋಗೇದ, ನಾಲ್ಕಾಣೆ ರಾತ್ರಿ ಬರ್ತದ’ ಎಂದು ಲೆಕ್ಕ ಕೊಟ್ಟರು. ಆಣೆಗಳು 1957ರಲ್ಲಿ ದಶಮಾಂಶ ನಾಣ್ಯಕ್ಕೆ ಜಾಗ ಬಿಟ್ಟುಕೊಟ್ಟವು; ರೂಪಾಯಿಗೆ ಹದಿನಾರಾಣೆಯ ಆ ಲೆಕ್ಕ ಮಾತ್ರ ಹಳೆಯ ತಲೆಗಳಲ್ಲಿ ಇನ್ನೂ ಚಲಾವಣೆಯಲ್ಲಿದೆ.

ಕೊನೆಗೆ ಅಜ್ಜಿಯ ವಿಚಾರ. ಅವರ ಅಳುವನ್ನು ನಿಮ್ಮ ತಪ್ಪಿನ ಲೆಕ್ಕಕ್ಕೆ ಬರೆದುಕೊಳ್ಳಬೇಡಿ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 1979ರಲ್ಲಿ ಕೊಟ್ಟು 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯಲ್ಲಿಯೂ ನೋವು ಎಂದರೆ ಇಂದ್ರಿಯದ ಮತ್ತು ಭಾವನೆಯ ಅಹಿತಕರ ಅನುಭವ. ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಬಾಯಿಮಾತು ನೋವನ್ನು ತಿಳಿಸುವ ಹಲವು ದಾರಿಗಳಲ್ಲಿ ಒಂದು ಮಾತ್ರ ಎಂದೂ ಆ ಪರಿಷ್ಕರಣೆಯ ಟಿಪ್ಪಣಿ ಹೇಳುತ್ತದೆ. ಆ ದಿನ ನಿಮಗೆ ಸಿಕ್ಕಿದ್ದು ಅವರ ನೋವಿನ ಅರ್ಧ ಭಾಗದ ವಿವರ, ಮಿಕ್ಕ ಅರ್ಧವನ್ನು ಇನ್ನೂ ಕೇಳಬೇಕಾಗಿದೆ. ಮುಂದಿನ ಸಲ ಅವರು ಬಂದಾಗ ಕ್ಷಮೆಯ ಮಾತು ತೆಗೆದು ಅವರನ್ನು ಮುಜು‌ಗರಕ್ಕೆ ಸಿಲುಕಿಸದೆ, ಬಾಗಿಲಲ್ಲೇ ‘ಆಯಿ, ಇವತ್ತ ಮೊಣಕಾಲ ಹೆಂಗ ಅದಾವ್ರೀ?’ ಎನ್ನಿ. ನಿಮ್ಮ ತಂದೆತಾಯಿಯ ಊರ ಕಡೆ ಅಜ್ಜಿಗೆ ‘ಆಯಿ’ ಎನ್ನುವುದುಂಟು, ನೀವು ಓದಿದ ಮರಾಠಿಯಲ್ಲಿ ಅದು ತಾಯಿ. ಎರಡರಲ್ಲಿ ಯಾವುದಾದರೂ ನಡೆಯುತ್ತದೆ. ಮನಸ್ಸಿನ ಮಾತು ಕೇಳಬೇಕೆನಿಸಿದರೆ, ವ್ಯಾಯಾಮ ಮುಗಿದ ಮೇಲೆ, ‘ಯಾವುದನ್ನಾರ ಭಾಳ ಮನಸ್ಸಿಗೆ ಹಚ್ಚಿಕೊಂಡೀರೇನು?’ ಎಂದು ಬೇರೆಯಾಗಿಯೇ ಕೇಳಿ. ಅದರ ಅಪಾಯವನ್ನೂ ತಿಳಿದಿರಿ: ಮಗ ಪಕ್ಕದಲ್ಲೇ ಕೂತಿದ್ದರೆ ಉತ್ತರ ಬರುವುದಿಲ್ಲ, ಬಂದರೆ ಮನೆಗೆ ಹೋದ ಮೇಲೆ ಅವರಿಗೇ ತೊಂದರೆ.

ವ್ಯಾಯಾಮದ ಚೀಟಿಯನ್ನು ಮಾತ್ರ ಇಂದೇ ತಿದ್ದಿ. ಮರಾಠಿಯ ‘ದುಖಲ್ಯಾಸ’ ಭೂತಕಾಲದ ರೂಪದ ಮೇಲೆ ನಿಂತಿದೆ, ಕನ್ನಡದ ‘ನೊಂದರೆ’ ಎಂಬುದೂ ಹಾಗೆಯೇ. ಆದ್ದರಿಂದ ನೀವು ಅಕ್ಷರಶಃ ಸರಿಯಾದ ಜೋಡಿಯನ್ನೇ ಹುಡುಕಿದ್ದೀರಿ. ಆದರೆ ಕರ್ತೃವಿಲ್ಲದ ಆ ವಾಕ್ಯದಲ್ಲಿ ಕನ್ನಡದ ಓದುಗ ಕಾಲನ್ನು ಕಾಣುವುದಿಲ್ಲ, ತನ್ನನ್ನೇ ಕಾಣುತ್ತಾನೆ. ‘ನೊಂದರೆ ನಿಲ್ಲಿಸಿ’ ಎಂಬುದು ಸಂಸಾರದ ಬಗ್ಗೆ ಕೊಟ್ಟ ಸಲಹೆಯಾಗಿಬಿಡುತ್ತದೆ. ಸ್ನಾಯು ಎಳೆದಂತಾಗುವುದಕ್ಕೂ ನೋವಿಗೂ ವ್ಯತ್ಯಾಸ ತಿಳಿಸುವುದು ನಿಮ್ಮ ಕೆಲಸದಲ್ಲಿ ಮುಖ್ಯವಾದ್ದರಿಂದ ಹೀಗೆ ಬರೆಯಿರಿ: ‘ಸ್ವಲ್ಪ ಎಳೆದಂತಾಗುವುದು ಸಹಜ. ಮೊಣಕಾಲಿನಲ್ಲಿ ನೋವು ಕಾಣಿಸಿಕೊಂಡರೆ ಅಲ್ಲಿಗೇ ನಿಲ್ಲಿಸಿ, ನಮಗೆ ಫೋನ್ ಮಾಡಿ.’ ಅಕ್ಷರಗಳನ್ನು ದೊಡ್ಡದಾಗಿ ಅಚ್ಚು ಮಾಡಿಸಿ. ಕನ್ನಡಕ ಊರಿನಲ್ಲೇ ಬಿಟ್ಟು ಬಂದವರು ಅವರಲ್ಲಿ ಅನೇಕರು.